ಐಹೊಳೆಯ ದಾರಿಯಲ್ಲಿ ಬಿಗಿದ ಪಟ್ಟಿ

ಐಹೊಳೆಯ ಮೇಗುತಿ ಗುಡಿಯ ಶಾಸನ ತೋರಿಸಲು ಹೊರಟಾಗಲೆಲ್ಲ ನನಗೆ ಒದಗುತ್ತಿದ್ದುದು ಬಾಡಿಗೆಯ ಅಂಬಾಸಡರ್. ಅದರ ಸೀಟ್ ಬೆಲ್ಟಿಗೆ ಸುರುಳಿಯೇ ಇರಲಿಲ್ಲ. ಉದ್ದವನ್ನು ಕೈಯಿಂದಲೇ ಹೊಂದಿಸಿಕೊಳ್ಳಬೇಕು. ನಾನು ಹೊಂದಿಸಿಕೊಂಡವನಲ್ಲ. ಅಮೀನಗಡದ ಬಳಿ ಎಮ್ಮೆ ಅಡ್ಡಬಂದು ಹಣೆ ಡ್ಯಾಶ್‌ಬೋರ್ಡಿಗೆ ಬಡಿದ ದಿನ, ಸಡಿಲ ಪಟ್ಟಿ ಇದ್ದೂ ಇಲ್ಲದಂತೆ ಎಂಬುದು ಮನವರಿಕೆಯಾಯಿತು.

ಮೂರು ಬಿಂದುಗಳ ಪಟ್ಟಿಯನ್ನು ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದರು. ಮುಂದೆ ಬಂದ ಸುರುಳಿಯಲ್ಲಿ ಸಣ್ಣ ಗುಂಡೋ ಲೋಲಕವೋ ಇರುತ್ತದೆ. ಗಾಡಿ ತಟ್ಟನೆ ನಿಧಾನಿಸಿದರೆ ಅದು ಮುಂದಕ್ಕೆ ಸರಿದು ಹಲ್ಲುಗಾಲಿಯನ್ನು ತಡೆಯುತ್ತದೆ. ಪಟ್ಟಿ ಮುಂದೆ ಬಿಚ್ಚಿಕೊಳ್ಳದು. ಆದರೆ ಅದು ತಡೆಯುತ್ತದೆಯೇ ಹೊರತು ಸಡಿಲನ್ನು ಹಿಂದಕ್ಕೆಳೆಯುವುದಿಲ್ಲ.

ಆ ಕೆಲಸಕ್ಕೆಂದೇ ಬಂದದ್ದು ಬಿಗಿಕಾರಕ. 1981ರಲ್ಲಿ ಮರ್ಸಿಡಿಸ್ ತನ್ನ ಎಸ್-ಕ್ಲಾಸಿನಲ್ಲಿ ಅದನ್ನು ಅಳವಡಿಸಿತು. ಡಿಕ್ಕಿಯನ್ನು ಗ್ರಹಿಸಿದೊಡನೆ ಪುಟ್ಟ ಸಿಡಿಮದ್ದು ಉರಿದು, ಅದರ ಅನಿಲದ ಒತ್ತಡದಿಂದ ಸುರುಳಿ ಹಿಂದಕ್ಕೆ ತಿರುಗಿ, ಕಣ್ಣೆವೆ ಮಿಟುಕಿಸುವ ಮೊದಲೇ ಪಟ್ಟಿ ಎದೆಗೆ ಬಿಗಿಯುತ್ತದೆ. 1986ರ ಆಡಿಯ ಉಪಾಯ ನನಗೆ ಇನ್ನೂ ಸೊಗಸು: ಮದ್ದೇ ಇಲ್ಲ. ಡಿಕ್ಕಿಯಲ್ಲಿ ಇಂಜಿನ್ ಹಿಂದಕ್ಕೆ ಸರಿದರೆ ಅದಕ್ಕೆ ಸುತ್ತಿದ ಉಕ್ಕಿನ ತಂತಿಗಳು ಪಟ್ಟಿಯನ್ನು ಬಿಗಿದು, ಸ್ಟಿಯರಿಂಗನ್ನೂ ಚಾಲಕನಿಂದ ದೂರ ಎಳೆಯುತ್ತಿದ್ದವು.

ಮದ್ದು ಒಮ್ಮೆ ಉರಿದರೆ ಮುಗಿಯಿತು. ಮಗ ಹಳೆಯ ಕಾರೊಂದನ್ನು ಕೊಂಡಾಗ ಎಚ್ಚರಿಕೆಯ ದೀಪ ಆರುತ್ತಲೇ ಇರಲಿಲ್ಲ. ಬಿಚ್ಚಿಸಿ ನೋಡಿದರೆ ಮದ್ದು ಎಂದೋ ಉರಿದುಹೋಗಿತ್ತು. ಹೊಸದನ್ನು ಹಾಕಿಸಿದ ಮೇಲೆಯೇ ಮೊಮ್ಮಕ್ಕಳನ್ನು ಕೂರಿಸಿಕೊಂಡು ಐಹೊಳೆಗೆ ಹೊರಟೆವು.