ಅಂಗಡಿಗೊಂದು ಸಂಖ್ಯೆ ಬಂದ ಕಥೆ

ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ದೇವರ ಪಟ, ಹಿರಿಯರ ಭಾವಚಿತ್ರ, ಅವುಗಳ ಪಕ್ಕದಲ್ಲಿ ಕಟ್ಟು ಹಾಕಿಸಿದ ನೋಂದಣಿ ಪತ್ರ. ಮುಂಬಯಿಯಲ್ಲಾಗಲಿ ಚೆನ್ನೈಯಲ್ಲಾಗಲಿ, ನಮ್ಮವರ ಹೋಟೆಲಿನಲ್ಲಿ ಕಾಣುವ ನೋಟವಿದು. ಆ ಪತ್ರದ ಮೇಲಿನ ಸಂಖ್ಯೆಗೂ ಒಂದು ಚರಿತ್ರೆಯಿದೆ.

ಮದ್ರಾಸ್ ಪ್ರಾಂತ್ಯದಲ್ಲಿ ರಾಜಾಜಿಯವರ ಸರಕಾರ ಪಾನನಿರೋಧವನ್ನು ಜಾರಿಗೆ ತಂದಾಗ ಅಬಕಾರಿ ವರಮಾನ ಇಳಿಯಿತು. ಆ ಕೊರತೆ ತುಂಬಲು 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ಬಂತು. ದಕ್ಷಿಣ ಕನ್ನಡ, ಬಳ್ಳಾರಿಗಳು ಆಗ ಮದ್ರಾಸಿಗೆ ಸೇರಿದ್ದರಿಂದ ಕನ್ನಡ ನಾಡಿನ ವ್ಯಾಪಾರಿಗಳಲ್ಲಿ ಮೊದಲು ಈ ತೆರಿಗೆ ಕಂಡವರು ಅಲ್ಲಿಯವರೇ. ಬೊಂಬಾಯಿಯ ಕಾನೂನು 1946ರಲ್ಲೂ ಮೈಸೂರಿನದು 1948ರಲ್ಲೂ ಬಂದವು. ಸಣ್ಣ ಅಂಗಡಿಗೆ ವಿನಾಯಿತಿ, ವಹಿವಾಟು ಮಿತಿ ದಾಟಿದವನಿಗೆ ತೆರಿಗೆ ಎಂಬ ನಿಯಮ ಅಂದಿನಿಂದಲೇ ಬಂದದ್ದು.

ಎರಡನೆಯ ಕಾರಣ ಗಡಿ. ಶಿವಮೊಗ್ಗೆಯ ಅಡಿಕೆಯನ್ನು ಮುಂಬಯಿಯ ವ್ಯಾಪಾರಿಗೆ ಮಾರಿದರೆ ತೆರಿಗೆ ಯಾರಿಗೆ? ಇಂಥ ಪ್ರಶ್ನೆಗೆ ಉತ್ತರವಾಗಿ 1956ರ ಕೇಂದ್ರ ಮಾರಾಟ ತೆರಿಗೆ ಕಾಯಿದೆ ಬಂತು. ಹಳೆಯ ಬಿಲ್ಲುಗಳಲ್ಲಿ ರಾಜ್ಯದ್ದೊಂದು, ಕೇಂದ್ರದ್ದೊಂದು ಎಂದು ಎರಡೆರಡು ಸಂಖ್ಯೆಗಳಿರುತ್ತಿದ್ದುದು ಇದರಿಂದಲೇ.

ಆದಾಯ ತೆರಿಗೆಯ ದಾರಿ ಬೇರೆ. ಅಲ್ಲಿ 1970ರ ದಶಕದಲ್ಲಿ ಪ್ಯಾನ್ ಸಂಖ್ಯೆ ಬಂತು. ಈಗಿನ ಹತ್ತು ಸ್ಥಾನಗಳ ಪ್ಯಾನಿನ ನಾಲ್ಕನೆಯ ಅಕ್ಷರ ನೋಡಿ: ವ್ಯಕ್ತಿಗೆ 'ಪಿ', ಪಾಲುದಾರಿಕೆಗೆ 'ಎಫ್', ಕಂಪೆನಿಗೆ 'ಸಿ'. 2005ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ವ್ಯಾಟ್ ಬಂದಾಗ ಹನ್ನೊಂದು ಅಂಕಿಗಳ ಟಿನ್ ಬಂತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಎರಡೂ ದಾರಿಗಳು ಕೂಡಿದವು. ಅದರ ಹದಿನೈದು ಸ್ಥಾನಗಳಲ್ಲಿ ಮೊದಲೆರಡು ರಾಜ್ಯದ್ದು (ಕರ್ನಾಟಕ 29, ಮಹಾರಾಷ್ಟ್ರ 27), ಮುಂದಿನ ಹತ್ತು ಪ್ಯಾನ್.

ಈ ಚರಿತ್ರೆಯಿಂದ ನಮ್ಮ ಕುಟುಂಬಗಳು ತಿಳಿಯಬೇಕಾದ ಮಾತೊಂದಿದೆ. ಸಂಖ್ಯೆ ಅಂಗಡಿಯದಲ್ಲ, ಅದನ್ನು ನಡೆಸುವವನದು. ತಂದೆಯೊಬ್ಬರೇ ಮಾಲೀಕರಾಗಿದ್ದ ಹೋಟೆಲು ಅವರ ಕಾಲಾನಂತರ ಮಗನಿಗೆ ಬಂದರೆ, ತಂದೆಯ ಜಿಎಸ್‌ಟಿ ಸಂಖ್ಯೆಯಲ್ಲೇ ಬಿಲ್ಲು ಹರಿಯುವಂತಿಲ್ಲ. ಉತ್ತರಾಧಿಕಾರ ಬಂದ 30 ದಿನಗಳೊಳಗೆ ಮಗ ಹೊಸ ನೋಂದಣಿಗೆ ಅರ್ಜಿ ಹಾಕಬೇಕು. ಅಣ್ಣತಮ್ಮಂದಿರು ಪಾಲುದಾರರಾದರೆ ಪ್ಯಾನೂ ಹೊಸದೇ. ದುಃಖದ ದಿನಗಳಲ್ಲಿ ಇದು ಮರೆತುಹೋಗುವುದು ಸಹಜ. ಆದ್ದರಿಂದ ಹಿರಿಯರು ಇರುವಾಗಲೇ ಮಕ್ಕಳನ್ನು ಕೂರಿಸಿಕೊಂಡು ಕಾಗದಪತ್ರ ತೋರಿಸಿಡುವುದು ಲೇಸು. ಬೋರ್ಡಿನ ಹೆಸರು ಮಕ್ಕಳಿಗೆ ಬರುತ್ತದೆ, ಸಂಖ್ಯೆ ಬರುವುದಿಲ್ಲ.