ಟರ್ಕಿ ಊದ್ ಕೊಳ್ಳೋ ಮುಂಚೆ ಗೊತ್ತಿರಲಿ: ಚಿತ್ತಾರ ನೋಡಿ ದುಡ್ಡು ಕೊಡಬೇಡಿ, ದಂಡಿ ನೋಡಿ ಕೊಡಿ

ಮೊಬೈಲ್‌ನಲ್ಲಿ ‘ಊದ್’ ಅಂತ ಹುಡುಕಿದರೆ ಮೊದಲು ಬರೋದು ಅತ್ತರ್ ಬಾಟಲಿ. ಅದರಲ್ಲಿ ತಪ್ಪೇನಿಲ್ಲ. ಅರಬ್ಬಿಯಲ್ಲಿ ಊದ್ ಅಂದರೆ ಕಟ್ಟಿಗೆ. ಪರಿಮಳದ ಮರಕ್ಕೂ ಅದೇ ಹೆಸರು, ಮರದಿಂದ ಮಾಡಿದ ತಂತಿವಾದ್ಯಕ್ಕೂ ಅದೇ ಹೆಸರು. ನಮ್ಮ ಊದುಬತ್ತಿಯಲ್ಲಿರುವ ಊದೂ ಅದೇ. ಇಲ್ಲಿರೋದು ವಾದ್ಯದ ಮಾಹಿತಿ. ಯೂಟ್ಯೂಬ್‌ನಲ್ಲಿ ಕೇಳಿ ಇಷ್ಟಪಟ್ಟು, ಟರ್ಕಿಯಿಂದ ಒಂದು ತರಿಸಿ ಕಲಿಯೋಣ ಅಂದುಕೊಂಡವರು ದುಡ್ಡು ಕಳುಹಿಸುವ ಮುಂಚೆ ಓದಿಕೊಳ್ಳಬೇಕಾದ ವಿಷಯಗಳಿವು.

ಊದ್ ಹೇಗಿರುತ್ತೆ?

ಉದ್ದಕ್ಕೆ ಸೀಳಿದ ಪಪ್ಪಾಯಿಯಂಥ ಬುರುಡೆ, ಗಿಡ್ಡ ದಂಡಿ, ಹಿಂದಕ್ಕೆ ಬಾಗಿದ ಬಿರಡೆ ಪೆಟ್ಟಿಗೆ. ಸಾಮಾನ್ಯವಾಗಿ 11 ತಂತಿ: 5 ಜೋಡಿ, ಜೊತೆಗೆ ಮಂದ್ರದ 1 ಒಂಟಿ ತಂತಿ. ವೀಣೆಗೆ 24 ಮೆಟ್ಟು ಇರುತ್ತವೆ, ಊದ್‌ಗೆ ಒಂದೂ ಇಲ್ಲ. ಪಿಟೀಲಿನ ಹಾಗೆ ಬೆರಳು ಎಲ್ಲಿಡಬೇಕು ಅಂತ ಕಿವಿಯೇ ಹೇಳಬೇಕು. ಟರ್ಕಿ ಸಂಗೀತದಲ್ಲಿ ಒಂದು ಪೂರ್ಣ ಸ್ವರದ ಅಂತರವನ್ನು 9 ‘ಕೋಮಾ’ಗಳಾಗಿ ಲೆಕ್ಕ ಹಾಕುತ್ತಾರೆ. ಅಷ್ಟು ಸೂಕ್ಷ್ಮ ಸ್ವರ ನುಡಿಸಲು ಮೆಟ್ಟಿಲ್ಲದ ದಂಡಿಯೇ ಅನುಕೂಲ. ಮೀಟುವ ಉದ್ದನೆಯ ಪಟ್ಟಿಗೆ ಅಲ್ಲಿ ‘ಮಿಜ್ರಾಪ್’ ಅಂತಾರೆ. ಸಿತಾರ್‌ನವರ ಮಿಜ್ರಾಬ್ ಕೂಡ ಅದೇ ಪದ.

ಟರ್ಕಿದೋ, ಅರಬ್ಬಿದೋ?

ಎರಡೂ ನೋಡೋಕೆ ಒಂದೇ ಥರ, ಆದರೆ ಅಳತೆ ಬೇರೆ. ಟರ್ಕಿ ಊದ್‌ನಲ್ಲಿ ಮೀಟುವ ತಂತಿಯ ಉದ್ದ ಸುಮಾರು 58.5 ಸೆಂ.ಮೀ. ಅರಬ್ಬಿ ಊದ್‌ನಲ್ಲಿ ಸಾಮಾನ್ಯವಾಗಿ 61 ಸೆಂ.ಮೀ. ಆಸುಪಾಸು. ಟರ್ಕಿಯದ್ದು ಸ್ವಲ್ಪ ಚಿಕ್ಕದು, ಶ್ರುತಿ ಒಂದು ಪೂರ್ಣ ಸ್ವರ ಮೇಲೆ, ನಾದ ಹೆಚ್ಚು ಚುರುಕು. ಅರಬ್ಬಿಯದ್ದು ಗಂಭೀರ. ತಂತಿ ಸೆಟ್‌ಗಳೂ ಬೇರೆ ಬೇರೆ. ಅರಬ್ಬಿ ಸೆಟ್ ಹಾಕಿ ಟರ್ಕಿ ಶ್ರುತಿಗೆ ಬಿಗಿದರೆ ತಂತಿ ತುಂಡಾಗಬಹುದು, ಕುದುರೆಯ ಮೇಲೂ ಒತ್ತಡ ಬೀಳುತ್ತೆ. ಗಲ್ಫ್‌ನಲ್ಲಿರುವ ನೆಂಟರ ಕೈಲಿ ತರಿಸುವವರು ಇದನ್ನು ಮೊದಲೇ ಹೇಳಬೇಕು. ಅಲ್ಲಿ ಬಳಕೆಯಲ್ಲಿರುವುದು ಹೆಚ್ಚಾಗಿ ಅರಬ್ಬಿ ಊದ್.

ಬೆಲೆ ಎಷ್ಟು?

ಕಲಿಯುವವರಿಗೆ ಸಾಕಾಗುವ ಮಧ್ಯಮ ದರ್ಜೆಯ ಊದ್ ಅಂದಾಜು 300ರಿಂದ 700 ಡಾಲರ್. ಅಂದರೆ ಹೆಚ್ಚುಕಡಿಮೆ 25 ಸಾವಿರದಿಂದ 60 ಸಾವಿರ ರೂಪಾಯಿ. ಸಾಗಣೆ, ಕಸ್ಟಮ್ಸ್ ಸುಂಕ, ಜಿಎಸ್‌ಟಿ ಬೇರೆ. ಇವೆಲ್ಲ ಸೇರಿ ಒಟ್ಟು ಎಷ್ಟಾಗುತ್ತೆ ಅಂತ ಕೊರಿಯರ್‌ನವರ ಹತ್ತಿರ ಕೇಳಿಕೊಂಡೇ ಆರ್ಡರ್ ಮಾಡುವುದು ಒಳ್ಳೆಯದು.

ಇದಕ್ಕಿಂತ ತೀರಾ ಅಗ್ಗಕ್ಕೆ ಸಿಗುವ, ಮುತ್ತಿನ ಚಿಪ್ಪಿನ ಚಿತ್ತಾರ ತುಂಬಿದ ಊದ್‌ಗಳು ಬಹಳಷ್ಟು ಸಲ ಪ್ರವಾಸಿಗರಿಗಾಗಿ ಮಾಡಿದವು. ಗೋಡೆಗೆ ಚೆಂದ, ನುಡಿಸೋಕೆ ಕಷ್ಟ. ತಂತಿ ದಂಡಿಯಿಂದ ಎತ್ತರದಲ್ಲಿರುತ್ತೆ, ಬಿರಡೆ ಜಾರುತ್ತೆ, ಶ್ರುತಿ ನಿಲ್ಲಲ್ಲ. ಹೊಸಬರಿಗೆ ತಪ್ಪು ವಾದ್ಯದ್ದು ಅಂತ ಗೊತ್ತಾಗಲ್ಲ. ‘ನನ್ನ ಕೈಗೆ ಬರಲ್ಲ ಬಿಡು’ ಅಂತ ಎರಡೇ ತಿಂಗಳಲ್ಲಿ ಬೀರುವಿನ ಮೇಲೆ ಇಡುತ್ತಾರೆ. ದುಡ್ಡೂ ಹೋಯ್ತು, ಕಲಿಯುವ ಆಸೆಯೂ ಹೋಯ್ತು.

ನೋಡಲೇಬೇಕಾದ 6 ವಿಷಯ

1. ದಂಡಿ: ತುದಿಯಿಂದ ಕಣ್ಣಿಟ್ಟು ನೋಡಿದರೆ ನೇರವಾಗಿರಬೇಕು. ಬಾಗಿದ್ದರೆ ಅಥವಾ ತಿರುಚಿದ್ದರೆ ಬೇಡ. ಗಿಟಾರ್‌ನಂತೆ ಒಳಗೆ ರಾಡ್ ತಿರುಗಿಸಿ ಸರಿ ಮಾಡುವ ವ್ಯವಸ್ಥೆ ಸಾಮಾನ್ಯ ಊದ್‌ನಲ್ಲಿ ಇರಲ್ಲ. ದಂಡಿ ಬಿಚ್ಚಿ ಕೂರಿಸುವ ಕೆಲಸ ಗೊತ್ತಿರುವವರು ಇಲ್ಲಿ ಸಿಗುವುದೂ ಕಷ್ಟ.

2. ತಂತಿ ಎತ್ತರ: ದಂಡಿ ಬುರುಡೆಗೆ ಸೇರುವ ಜಾಗದಲ್ಲಿ ತಂತಿಗೂ ಹಲಗೆಗೂ ನಡುವೆ 3 ಮಿ.ಮೀ. ಆಸುಪಾಸು ಇದ್ದರೆ ಒಳ್ಳೆಯದು. 4 ದಾಟಿದರೆ ಹೊಸಬರ ಬೆರಳು ಸೋಲುತ್ತೆ. ಈಗಿನ ಒಂದು ರೂಪಾಯಿ ನಾಣ್ಯ ಎರಡನ್ನು ಒಂದರ ಮೇಲೊಂದು ಇಟ್ಟರೆ ಸುಮಾರು 3 ಮಿ.ಮೀ. ಆಗುತ್ತೆ.

3. ಸ್ವರದ ಜಾಗ: ತಂತಿಯನ್ನು ಖಾಲಿ ಮೀಟಿದ್ದು ‘ಸ’ ಅಂದುಕೊಂಡರೆ, ಹೆಚ್ಚಿನ ಊದ್‌ಗಳಲ್ಲಿ ದಂಡಿ ಬುರುಡೆ ಸೇರುವ ಜಾಗದಲ್ಲಿ ಒತ್ತಿದಾಗ ‘ಪ’ ಬರಬೇಕು. ಬಹಳ ಆಚೀಚೆ ಆದರೆ ಕಟ್ಟುವಾಗಲೇ ಅಳತೆ ತಪ್ಪಿರಬಹುದು.

4. ಬಿರಡೆ: ಸರಾಗ ತಿರುಗಬೇಕು, ಬಿಟ್ಟ ಜಾಗದಲ್ಲಿ ನಿಲ್ಲಬೇಕು. ಜಾರಿದರೆ ಸೀಮೆಸುಣ್ಣದ ಪುಡಿ ಹಚ್ಚಿ ನೋಡಬಹುದು. ಬಿರಡೆ ಕೂರಿಸುವ ಕೆಲಸವನ್ನು ಪಿಟೀಲು ರಿಪೇರಿ ಮಾಡುವವರೂ ಮಾಡಬಲ್ಲರು.

5. ಮುಖದ ಹಲಗೆ ಮತ್ತು ಕುದುರೆ: ಹಲಗೆ ಸಾಮಾನ್ಯವಾಗಿ ಸ್ಪ್ರೂಸ್ ಮರದ್ದು, ತೆಳು. ಬಿರುಕು, ಕುದುರೆಯ ಮುಂದೆ ಕುಸಿತ, ಕುದುರೆಯ ಹಿಂಬದಿ ಎದ್ದಿರುವುದು ಇದ್ದರೆ ಬಿಟ್ಟುಬಿಡಿ.

6. ಒಳಗಿನ ಚೀಟಿ: ಹಲಗೆಯ ಜಾಲರಿ ತೂತಿನಿಂದ ಬಗ್ಗಿ ನೋಡಿದರೆ ಕಟ್ಟಿದವರ ಹೆಸರು, ಇಸವಿ ಇರುವ ಚೀಟಿ ಕಾಣಬೇಕು. ಹೆಸರು ಹಾಕಿದ ಕುಶಲಕರ್ಮಿಯನ್ನು ಆಮೇಲೆ ಕೇಳಬಹುದು. ಹೆಸರೇ ಇಲ್ಲದಿದ್ದರೆ ಯಾರನ್ನು ಕೇಳೋದು?

ಬುರುಡೆಗೆ ವಾಲ್‌ನಟ್, ಮಹಾಗನಿ, ಮೇಪಲ್ ಯಾವುದಾದರೂ ನಡೆಯುತ್ತೆ. ಕಲಿಯುವ ಹಂತದಲ್ಲಿ ಮರದ ಹೆಸರಿಗಿಂತ ಮೇಲಿನ ಆರೇ ಮುಖ್ಯ.

ಎಲ್ಲಿ ಕೊಳ್ಳೋದು?

ಇಸ್ತಾಂಬುಲ್‌ಗೆ ಹೋಗುವವರಿದ್ದರೆ ಗಲಾಟಾ ಗೋಪುರದ ಹತ್ತಿರದ ಗಾಲಿಪ್ ದೆದೆ ಬೀದಿ ನೋಡಬಹುದು. ವಾದ್ಯದ ಅಂಗಡಿಗಳಿಗೇ ಹೆಸರಾದ ಬೀದಿ ಅದು. ಊದ್ ಕಟ್ಟುವ ಕಲೆಗೆ ಆ ನಗರದಲ್ಲಿ ದೊಡ್ಡ ಹೆಸರಿದೆ. 1845ರಿಂದ 1915ರವರೆಗೆ ಬದುಕಿದ್ದ ಮಾನೋಲ್ ಅವರ ಊದ್‌ಗಳ ಆಕಾರವನ್ನು ಇವತ್ತಿಗೂ ಅನುಸರಿಸುವವರಿದ್ದಾರೆ. ಕಟ್ಟುವವರಿಂದಲೇ ನೇರ ತರಿಸಲೂ ಬಹುದು.

ಕೂತಲ್ಲಿಂದಲೇ ತರಿಸುವವರು ದುಡ್ಡು ಹಾಕುವ ಮುಂಚೆ ಮೂರು ಕೇಳಲೇಬೇಕು: ಅದೇ ಊದ್ ನುಡಿಸಿದ ವಿಡಿಯೋ, ತಂತಿಯ ಕೆಳಗೆ ಸ್ಕೇಲ್ ಇಟ್ಟು ತೆಗೆದ ಫೋಟೋ, ದಾರಿಯಲ್ಲಿ ಒಡೆದರೆ ಯಾರ ಜವಾಬ್ದಾರಿ ಅಂತ ಬರಹದಲ್ಲಿ ಉತ್ತರ. ವೆಬ್‌ಸೈಟ್‌ನ ಮಾದರಿ ಫೋಟೋ ಸಾಲದು. ‘ಎಲ್ಲಾ ಒಂದೇ ಥರ ಇರುತ್ತೆ ಸರ್’ ಅನ್ನುವವರ ಹತ್ತಿರ ಬೇಡ. ಗಟ್ಟಿ ಪೆಟ್ಟಿಗೆಯಲ್ಲಿ, ತಂತಿ ಸ್ವಲ್ಪ ಸಡಿಲಿಸಿ ಕಳುಹಿಸಲು ಹೇಳಬೇಕು. ಒಂದು ಹೆಚ್ಚುವರಿ ತಂತಿ ಸೆಟ್ಟನ್ನೂ ಅದರಲ್ಲೇ ಹಾಕಿಸಿಕೊಂಡರೆ ಮತ್ತೆ ಸಾಗಣೆ ಖರ್ಚು ಉಳಿಯುತ್ತೆ.

ಮನೆಗೆ ಬಂದ ಮೇಲೆ

ಪಾರ್ಸೆಲ್ ಬಿಚ್ಚುವುದನ್ನು ವಿಡಿಯೋ ಮಾಡಿಟ್ಟುಕೊಳ್ಳಿ. ಒಡೆದಿದ್ದರೆ ಅದೇ ಸಾಕ್ಷಿ. ಬಂದ ದಿನವೇ ಪೂರ್ತಿ ಶ್ರುತಿಗೆ ಬಿಗಿಯದೆ ಎರಡು ಮೂರು ದಿನದಲ್ಲಿ ನಿಧಾನ ಏರಿಸಿದರೆ ಒಳ್ಳೆಯದು. ಶ್ರುತಿ ನೋಡಲು ಮೊಬೈಲ್‌ನ ಟ್ಯೂನರ್ ಆ್ಯಪ್ ಸಾಕು.

ಊದ್‌ಗೆ ಹೊಂದುವ ತೇವಾಂಶ ಸುಮಾರು 45ರಿಂದ 55 ಶೇಕಡಾ. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಮರ ಉಬ್ಬಿ ಬಿರಡೆ ಬಿಗಿಯಾಗುತ್ತೆ, ಅಂಟು ಸಡಿಲಾಗಬಹುದು. ಬಯಲುಸೀಮೆಯ ಬೇಸಿಗೆಯಲ್ಲಿ ಉಲ್ಟಾ, ಒಣಗಿ ಬಿರುಕು ಬಿಡುವ ಭಯ. ನುಡಿಸಿದ ಮೇಲೆ ಪೆಟ್ಟಿಗೆಗೇ ಹಾಕಬೇಕು. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಬೇಕು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಡಲೇಬಾರದು.

ಹತ್ತಿರದಲ್ಲಿ ಗುರು ಸಿಗದವರಿಗೆ ಕೇಳ್ಮೆಯೇ ಮೊದಲ ಪಾಠ. ಯೋರ್ಗೋ ಬಜಾನೋಸ್ (1900–1977), ಉದಿ ಹ್ರಾಂಟ್ (1901–1978) ಇಬ್ಬರ ಹಳೇ ರೆಕಾರ್ಡಿಂಗ್‌ಗಳನ್ನು ಕೇಳಿದರೆ ಟರ್ಕಿ ಊದ್‌ನ ನಾದ ಹೇಗಿರಬೇಕು ಅನ್ನೋದು ಕಿವಿಗೆ ಕೂರುತ್ತೆ. ಅದನ್ನು ಕೊಳ್ಳುವ ಮುಂಚೆಯೇ ಶುರು ಮಾಡಿದರೆ, ಮಾರುವವರು ಕಳುಹಿಸಿದ ವಿಡಿಯೋ ನೋಡುವಾಗ ಮೋಸ ಹೋಗುವ ಸಂಭವ ಕಡಿಮೆ.