ಲೆಸ್ಬಿಯನ್ ಸ್ತ್ರೀವಾದ

ಹೆಣ್ಣಿಗೆ ಗಂಡೇ ಜೊತೆ ಎಂಬುದು ನಿಸರ್ಗದ ಕಟ್ಟಳೆಯಲ್ಲ, ಪುರುಷಪ್ರಧಾನ ವ್ಯವಸ್ಥೆ ತನ್ನ ಉಳಿವಿಗಾಗಿ ಮಾಡಿಕೊಂಡ ಏರ್ಪಾಡು ಎಂದು ವಾದಿಸಿದ ಚಳವಳಿ ಹಾಗೂ ರಾಜಕೀಯ ಸಿದ್ಧಾಂತ. 1970ರ ದಶಕದಲ್ಲಿ ಅಮೆರಿಕ, ಬ್ರಿಟನ್ ಮೊದಲಾದೆಡೆ ರೂಪುಗೊಂಡಿತು.

ಸಲಿಂಗಪ್ರೇಮಿ ಹೆಂಗಸರ ಸಂಘಟನೆ ಇದಕ್ಕಿಂತ ಹಳೆಯದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1955ರಲ್ಲೇ 'ಡಾಟರ್ಸ್ ಆಫ್ ಬಿಲಿಟಿಸ್' ಹುಟ್ಟಿತ್ತು. ಅದು ಕೇಳಿದ್ದು ಸಮಾಜದ ಒಪ್ಪಿಗೆಯನ್ನು. ಮುಂದಿನ ತಲೆಮಾರು ಆ ಸಮಾಜದ ಬುಡಕ್ಕೇ ಕೈಹಾಕಿತು. ಈ ತಲೆಮಾರಿಗೆ ಎಲ್ಲೂ ನೆಲೆಯಿರಲಿಲ್ಲ. ಸಲಿಂಗಿಗಳ ಸಂಘಗಳಲ್ಲಿ ಗಂಡಸರದೇ ದರ್ಬಾರು. ಮಹಿಳಾ ಸಂಘಗಳಲ್ಲಿ, ಇವರಿದ್ದರೆ ಚಳವಳಿಗೆ ಕೆಟ್ಟ ಹೆಸರು ಬರುತ್ತದೆಂಬ ಅಂಜಿಕೆ. ಸ್ತ್ರೀವಾದದ ಹೆಸರಾಂತ ನಾಯಕಿ ಬೆಟಿ ಫ್ರೀಡನ್ ಇವರನ್ನು 'ಲ್ಯಾವೆಂಡರ್ ಮೆನೇಸ್', ಅಂದರೆ ನೇರಳೆ ಪೀಡೆ, ಎಂದು ಕರೆದಿದ್ದರು.

ಬೈಗುಳವನ್ನೇ ಅವರು ಬಿರುದು ಮಾಡಿಕೊಂಡರು. 1970ರ ಮೇ 1ರ ಸಂಜೆ ನ್ಯೂಯಾರ್ಕ್‌ನಲ್ಲಿ ಮಹಿಳಾ ಸಮ್ಮೇಳನ ಶುರುವಾಗುವ ಹೊತ್ತಿಗೆ ಸಭಾಂಗಣದ ದೀಪಗಳು ಆರಿದವು. ಮತ್ತೆ ಬೆಳಕಾದಾಗ, ಎದೆಯ ಮೇಲೆ ಅದೇ ಬೈಗುಳ ಅಚ್ಚಾಗಿದ್ದ ನೇರಳೆ ಅಂಗಿ ತೊಟ್ಟ ಹೆಂಗಸರು ಎದುರಿಗೆ ನಿಂತಿದ್ದರು. ರೀಟಾ ಮೇ ಬ್ರೌನ್, ಕಾರ್ಲಾ ಜೇ ಆ ಗುಂಪಿನಲ್ಲಿದ್ದರು. ಮೈಕ್ ಅವರ ಕೈಸೇರಿತು. 'ದಿ ವುಮನ್-ಐಡೆಂಟಿಫೈಡ್ ವುಮನ್' ಎಂಬ ಪ್ರಣಾಳಿಕೆಯ ಪ್ರತಿಗಳು ಸಭಿಕರ ಕೈಸೇರಿದವು. ಮರುವರ್ಷವೇ ಫ್ರೀಡನ್ ಕಟ್ಟಿದ್ದ ರಾಷ್ಟ್ರೀಯ ಮಹಿಳಾ ಸಂಘಟನೆ ಲೆಸ್ಬಿಯನ್ನರ ಹಕ್ಕುಗಳೂ ಸ್ತ್ರೀವಾದದ ಕಾಳಜಿಯೇ ಎಂದು ನಿರ್ಣಯ ಮಾಡಿತು.

ಸಿದ್ಧಾಂತಕ್ಕೆ ಗಟ್ಟಿ ತಳಹದಿ ಸಿಕ್ಕಿದ್ದು 1980ರಲ್ಲಿ, ಕವಯಿತ್ರಿ ಏಡ್ರಿಯನ್ ರಿಚ್ ಬರೆದ ಪ್ರಬಂಧದಿಂದ. ಗಂಡು-ಹೆಣ್ಣಿನ ಸಂಬಂಧವನ್ನು ರಿಚ್ ಹೆಂಗಸರ ಮೇಲೆ ಹೇರಲಾದ ಒಂದು ಸಂಸ್ಥೆಯೆಂದು ಬಗೆದರು; ಹೆಂಗಸರ ನಡುವಣ ಗೆಳೆತನ, ಆಸರೆಗಳನ್ನೂ ಲೆಸ್ಬಿಯನ್ ಬದುಕಿನ ವ್ಯಾಪ್ತಿಗೆ ತಂದರು. ಫ್ರಾನ್ಸಿನ ಮೋನಿಕ್ ವಿಟಿಗ್ ಇನ್ನೂ ಮುಂದೆ ಹೋದರು: 'ಹೆಣ್ಣು' ಎಂಬುದೇ ಗಂಡಿನೊಡನೆಯ ಸಂಬಂಧದಿಂದ ಹುಟ್ಟಿದ ವರ್ಗ, ಆದ್ದರಿಂದ ಲೆಸ್ಬಿಯನ್ನರು ಹೆಣ್ಣುಗಳೇ ಅಲ್ಲ. ಇಂಗ್ಲೆಂಡಿನ ಲೀಡ್ಸ್‌ನ ಗುಂಪೊಂದು 1979ರಲ್ಲಿ, ಸ್ತ್ರೀವಾದಿಯಾದವಳು ಗಂಡಸರೊಡನೆ ಲೈಂಗಿಕ ಸಂಬಂಧವನ್ನೇ ತೊರೆಯಬೇಕೆಂದಿತು.

ಬಾಸ್ಟನ್ನಿನ ಕಪ್ಪು ಸ್ತ್ರೀವಾದಿಗಳ 'ಕೊಂಬಾಹೀ ರಿವರ್ ಕಲೆಕ್ಟಿವ್' ಅದಕ್ಕೂ ಮೊದಲೇ, 1977ರಲ್ಲಿ, ಗಂಡಸರಿಂದ ಪೂರ್ತಿ ದೂರವಿರಬೇಕೆನ್ನುವ ಪ್ರತ್ಯೇಕತಾವಾದವನ್ನು ನಿರಾಕರಿಸಿತ್ತು. ಜನಾಂಗಭೇದದ ವಿರುದ್ಧ ಹೋರಾಡುವಾಗ ಕಪ್ಪು ಗಂಡಸರನ್ನು ಬಿಟ್ಟು ನಡೆಯಲಾಗದು ಎಂಬುದು ಅದರ ನಿಲುವು. ತಾವೇ ಹೊರಗೆ ನಿಲ್ಲಿಸಲ್ಪಟ್ಟಿದ್ದ ಲೆಸ್ಬಿಯನ್ ಸ್ತ್ರೀವಾದಿಗಳೂ ಬೇರೆಯವರಿಗೆ ಬಾಗಿಲು ಮುಚ್ಚಿದ್ದುಂಟು: 1976ರಿಂದ 2015ರವರೆಗೆ ನಡೆದ ಮಿಶಿಗನ್ ಮಹಿಳಾ ಸಂಗೀತೋತ್ಸವ ಹುಟ್ಟಿನಿಂದ ಹೆಣ್ಣಾದವರಿಗಷ್ಟೇ ಎಂಬ ನಿಯಮಕ್ಕೆ ಅಂಟಿಕೊಂಡು, ಟ್ರಾನ್ಸ್ ಮಹಿಳೆಯರನ್ನು ದೂರವಿಟ್ಟಿತು.

ಭಾರತದಲ್ಲಿ 'ಲೆಸ್ಬಿಯನ್' ಎಂಬ ಪದ ಬೀದಿಗಿಳಿದದ್ದು 1998ರ ಡಿಸೆಂಬರಿನಲ್ಲಿ. ಇಬ್ಬರು ಹೆಂಗಸರ ಪ್ರೇಮದ ಕಥೆಯಾದ ದೀಪಾ ಮೆಹ್ತಾ ಅವರ 'ಫೈರ್' ಚಿತ್ರ ನಡೆಯುತ್ತಿದ್ದ ಚಿತ್ರಮಂದಿರಗಳ ಮೇಲೆ ದಾಳಿಯಾದಾಗ ದೆಹಲಿಯ ರೀಗಲ್ ಚಿತ್ರಮಂದಿರದ ಮುಂದೆ ಪ್ರತಿಭಟನೆ ನಡೆಯಿತು. ತಾನು ಭಾರತೀಯಳೂ ಹೌದು, ಲೆಸ್ಬಿಯನ್ನೂ ಹೌದು ಎನ್ನುವ ಫಲಕ ಅಲ್ಲಿ ಕಾಣಿಸಿತು. ಜೊತೆಗೆ ನಿಂತ ಕೆಲವು ಸಂಘಟನೆಗಳಿಗೇ ಆ ಪದ ಮುಜುಗರ ತಂದಿತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಆದರೂ ಹೆತ್ತವರು ಪೊಲೀಸರಿಗೆ ದೂರು ಕೊಟ್ಟು, ಜೊತೆಗೂಡಿ ಮನೆ ಬಿಟ್ಟ ಹೆಣ್ಣುಮಕ್ಕಳನ್ನು ಬೇರ್ಪಡಿಸುವುದು ನಿಂತಿಲ್ಲ.